ಯಾವ ಕಡೆ ಮೇಲೆ? ಸಿಂಧನೂರು ಕ್ಯಾಂಪಿನ ಒಬ್ಬ ಚಿತ್ರಗಾರ್ತಿಯ ಪ್ರಕರಣ

ಸಿಂಧನೂರು ತಾಲೂಕಿನ ಬಂಗಾಲಿ ಕ್ಯಾಂಪೊಂದರಲ್ಲಿ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳಿದ್ದಾರೆ. ಅವರ ಚಿತ್ರಗಳನ್ನು ಪ್ರದರ್ಶನಕ್ಕೆ ಇಡಬೇಕು ಅಂತ ಹೊರಟಾಗ ಏನೇನಾಯ್ತು ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಮನೆಯವರು ಬೇಡ ಅಂದಿದ್ದಾರೆ, ಕಾರಣ ಮುಂದೆ ಬರುತ್ತದೆ. ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಮಾಶಿ ಅಂತಾರೆ, ಅಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆಯೋದು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುವವಳು. ನಮ್ಮೂರಿನ ಒಂದು ದೃಶ್ಯ ತೆಗೆದುಕೊಂಡು ಬನ್ನಿ ಅಂತ ಎಂಟನೇ ಕ್ಲಾಸಿಗೆ ಹೋಮ್‌ವರ್ಕ್ ಕೊಟ್ಟಿದ್ದೆ. ಎಲ್ಲಾ ಮಕ್ಕಳೂ ತರೋದು ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಸಿಂಧನೂರು ಸುತ್ತಮುತ್ತ ಅಂಥ ಗುಡ್ಡ ಎಲ್ಲಿದೆ ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಅವತ್ತು ಒಬ್ಬ ಹುಡುಗನ ಹಾಳೆ ಮಾತ್ರ ಬೇರೆ ಇತ್ತು. ನೀಲಿ ಬಾಲ್‌ಪೆನ್ನಿನ ಗೆರೆ. ಪೆನ್ಸಿಲ್ ಗುರುತಿಲ್ಲ, ರಬ್ಬರ್ ಉಜ್ಜಿದ್ದಿಲ್ಲ. ಹಾಳೆಯ ನಡುವೆ ಒಂದು ಕೈಪಂಪು, ಅದರ ಸುತ್ತ ಮನೆ, ಕಾಲುವೆ, ಜಾಲಿ ಗಿಡ, ಎಲ್ಲವೂ ನಾಲ್ಕು ದಿಕ್ಕಿಗೆ ತಲೆ ಹಾಕಿ ಮಲಗಿವೆ. ಇದು ನಿನ್ನ ಕೈ ಅಲ್ಲ ಅಂದೆ. ಹುಡುಗ ಬೇಗ ಒಪ್ಪಿಕೊಂಡ: "ಠಾಕುಮಾ ತಗದಾಳ್ರಿ ಮೇಡಂ." ಅಪ್ಪನ ತಾಯಿ, ಅಂದರೆ ಮಾಶಿ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ದೇಶ ಇಬ್ಭಾಗವಾದ ಮೇಲೆ ಪೂರ್ವ ಪಾಕಿಸ್ತಾನದಿಂದ ಹಿಂದೂ ಕುಟುಂಬಗಳು ವರ್ಷಗಟ್ಟಲೆ ಬರುತ್ತಲೇ ಇದ್ದವು. 1963ರ ಡಿಸೆಂಬರ್ ಕೊನೆಗೆ ಶ್ರೀನಗರದ ಹಜರತ್‌ಬಾಲ್ ದರ್ಗಾದಿಂದ ಪ್ರವಾದಿಯವರದ್ದೆಂದು ನಂಬುವ ಪವಿತ್ರ ಕೇಶ ಕಾಣೆಯಾಯ್ತು. ಅದರ ಸಿಟ್ಟು 1964ರ ಜನವರಿಯಲ್ಲಿ ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ ಗಲಭೆಯಾಗಿ ಹೊತ್ತಿಕೊಂಡು ಢಾಕಾ ಕಡೆಗೂ ಹಬ್ಬಿತು. ಕಾಶ್ಮೀರ ಎಲ್ಲಿ, ಖುಲ್ನಾ ಎಲ್ಲಿ! ಆ ವರ್ಷ ಗಡಿ ದಾಟಿದವರಲ್ಲಿ ಬಹಳ ಜನರನ್ನು ರೈಲು ಹತ್ತಿಸಿ ರಾಯ್‌ಪುರದ ಹತ್ತಿರದ ಮಾನಾ ಶಿಬಿರಕ್ಕೆ ಕಳಿಸಿದರು. ಅಲ್ಲಿಂದ ಕೆಲವರು ದಂಡಕಾರಣ್ಯಕ್ಕೆ, ಕೆಲವರು ಚಂದ್ರಪುರ ಕಡೆಗೆ, ಕೆಲವರು ಕಾಗಜ್‌ನಗರಕ್ಕೆ, ಇನ್ನು ಕೆಲವರು ನಮ್ಮ ಸಿಂಧನೂರಿಗೆ. ಹೆಚ್ಚಿನವರು ನಾಮಶೂದ್ರ ಸಮುದಾಯದವರು, ನೀರು ನಿಲ್ಲುವ ನಾಡಿನಲ್ಲಿ ಭತ್ತ ಬೆಳೆದು ಮೀನು ಹಿಡಿದು ಬದುಕಿದವರು. ಅವರ ವಸತಿಗಳಿಗೆ ಆರ್.ಎಚ್. (ಪುನರ್ವಸತಿ) ಕ್ಯಾಂಪ್ ಅಂತ 1ರಿಂದ 5ರವರೆಗೆ ನಂಬರು ಬಿತ್ತು. ಬರ್ಮಾದಿಂದ ವಾಪಸ್ ಬಂದ ತಮಿಳು ಕುಟುಂಬಗಳೂ ಇವರ ಜೊತೆ ಸೇರಿಕೊಂಡವು. ಇದರ ಸುತ್ತಲೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು. ಹೀಗಾಗಿ ಈ ಭಾಗದಲ್ಲಿ "ಹೊರಗಿನವರು" ಯಾರು ಅಂತ ಎಣಿಸಲು ಕೂತರೆ ಸಂಜೆಯಾಗುತ್ತದೆ.

ಮಾಶಿ ಖುಲ್ನಾ ಬಿಟ್ಟಾಗ ಚಿಕ್ಕ ಮಗು. ಅವರಿಗೆ ಸ್ವಂತ ನೆನಪು ಅಂತ ಇರೋದು ಎರಡೇ: ಹೊಳೆಗಿಳಿಯುವ ಮೆಟ್ಟಿಲು, ದೋಣಿಯೊಳಗಿನ ಕತ್ತಲು. ಉಳಿದದ್ದೆಲ್ಲ ತಾಯಿ ಹೇಳಿದ್ದು. ಅಂಗಳದ ಸುತ್ತ ಬಿಡಿಬಿಡಿ ಕೋಣೆ, ಬೇರೆಯೇ ಅಡುಗೆಮನೆ, ಗೋಲ್‌ಪಾತಾ ಅಂತ ಅಲ್ಲಿನ ತಾಳೆಜಾತಿಯ ಗರಿಯ ಚಾವಣಿ, ಹಿಂದೆ ಕೆರೆ, ಭತ್ತ ಕುಟ್ಟುವ ಏತದಂಥ ಢೇಂಕಿ. ಮಾನಾ ಶಿಬಿರದ್ದು ಚೆನ್ನಾಗಿ ನೆನಪಿದೆ, ವರ್ಷಗಟ್ಟಲೆ ಅಲ್ಲೇ ಬೆಳೆದವರು. ಸಿಂಧನೂರಿಗೆ ಬಂದಾಗ ಹುಡುಗಿ, ಆಗಿನ್ನೂ ರಾಜ್ಯದ ಹೆಸರು ಮೈಸೂರು. ಮದುವೆ ಕ್ಯಾಂಪಿನಲ್ಲೇ ಆಯ್ತು. ಗಂಡ ತೀರಿಕೊಂಡ ಮೇಲೆ, ಹೊಲದ ಕೆಲಸ ಮಗನ ಕೈಗೆ ಹೋದ ಮೇಲೆ, ಕೈ ಖಾಲಿಯಾಯ್ತು ಅಂತ ಮೊಮ್ಮಕ್ಕಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ, ಕ್ಯಾಲೆಂಡರಿನ ಹಿಂದೆ, ಬೀಜದ ಕಂಪನಿಯವರು ಹಂಚುವ ಪೋಸ್ಟರಿನ ಬೆನ್ನಿಗೆ ಚಿತ್ರ ತೆಗೆಯೋಕೆ ಶುರು ಮಾಡಿದ್ದು. ಯಾರೂ ಕಲಿಸಿಲ್ಲ. ಡ್ರಾಯಿಂಗಿನ ಲೋಯರ್, ಹೈಯರ್ ಪರೀಕ್ಷೆ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ.

ಕಲಿಸಿಲ್ಲ ಅಂದೆ. ಆದರೆ ಕೈಗೆ ಅಭ್ಯಾಸ ಇತ್ತು, ಅದನ್ನು ಹತ್ತಿರ ಕೂತು ನೋಡಿದರೆ ಮಾತ್ರ ಗೊತ್ತಾಗೋದು. ಬಂಗಾಲಿಗಳ ಮನೆಯಲ್ಲಿ ಆಲ್ಪನಾ ಹಾಕುತ್ತಾರೆ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಸಣ್ಣ ಬಟ್ಟೆ ಚೂರನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿದು ಒತ್ತಿದರೆ ಹಿಟ್ಟಿನ ನೀರು ಉಂಗುರದ ಬೆರಳಿಗುಂಟ ಇಳಿಯುತ್ತದೆ, ಆ ಬೆರಳೇ ನೆಲದ ಮೇಲೆ ಓಡುತ್ತದೆ. ಹಸಿ ಇದ್ದಾಗ ಗೆರೆ ಸರಿಯಾಗಿ ಕಾಣೋದೇ ಇಲ್ಲ. ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಅಂದರೆ ಹಾಕುವವರು ಕಾಣದ ಗೆರೆಯನ್ನು ನಂಬಿ ಮುಂದೆ ಹೋಗಬೇಕು, ತಪ್ಪಿದರೆ ಒರೆಸಿ ಮತ್ತೆ ಹಾಕುವ ಮಾತಿಲ್ಲ. ಚುಕ್ಕಿ ಇಲ್ಲ. ನಡುವಿನಿಂದ ಶುರು, ಹೊರಗೆ ಬೆಳೆಯುತ್ತಾ ಹೋಗುತ್ತದೆ, ಹಸಿಯನ್ನು ತುಳಿಯಬಾರದು ಅಂತ ಹಾಕುವವರು ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ ಸುತ್ತ ತಿರುಗುತ್ತಾರೆ. ದಸರಾ ಆದ ಮೇಲಿನ ಹುಣ್ಣಿಮೆಗೆ ಇವರದ್ದು ಲಕ್ಷ್ಮೀ ಪೂಜೆ, ನಮ್ಮ ಸೀಗಿ ಹುಣ್ಣಿಮೆಯೂ ಅದೇ. ಅಕ್ಕಪಕ್ಕದ ಊರಿನವರು ಹೊಲಕ್ಕೆ ಚರಗ ಚೆಲ್ಲಲು ಹೊರಟಿರುತ್ತಾರೆ, ಕ್ಯಾಂಪಿನ ಅಂಗಳದಲ್ಲಿ ಲಕ್ಷ್ಮಿಯ ಹೆಜ್ಜೆ, ಭತ್ತದ ತೆನೆ ಮೂಡುತ್ತಿರುತ್ತವೆ.

ಮಾಶಿ ಹಾಳೆಯ ಮೇಲೆ ಮಾಡೋದೂ ಇದನ್ನೇ. ಪೆನ್ನು ಹಿಡಿದ ಕೈ ಜಾಸ್ತಿ ಅಲುಗೋದಿಲ್ಲ. ಎಡಗೈ ಹಾಳೆಯನ್ನು ತಿರುಗಿಸುತ್ತಾ ಇರುತ್ತದೆ. ಅದಕ್ಕೇ ಅವರ ಚಿತ್ರಕ್ಕೆ ಮೇಲೆ ಕೆಳಗೆ ಅನ್ನೋದಿಲ್ಲ. ನನಗೆ ಬಹಳ ಹಿಡಿಸಿದ ಒಂದು ಹಾಳೆ ಇದೆ. ನಡುವೆ ಖಾಲಿ ಅಂಗಳ. ಒಂದು ಬದಿಗೆ ಖುಲ್ನಾದ ಮೆಟ್ಟಿಲು, ದೋಣಿ. ಹಾಳೆ ತಿರುಗಿಸಿದರೆ ಮಾನಾದ ಡೇರೆಗಳು. ಇನ್ನೊಮ್ಮೆ ತಿರುಗಿಸಿದರೆ ಕ್ಯಾಂಪಿನ ಮನೆಗಳು. ನಾಲ್ಕನೇ ಬದಿಗೆ ಕಾಲುವೆ, ಅದರ ದಂಡೆಗೆ ಬಳ್ಳಾರಿ ಜಾಲಿ. ಮೂಲ ಅಮೆರಿಕ ಖಂಡದ ಗಿಡ, ಅದಕ್ಕೆ ಯಾರೂ ದಾಖಲೆ ಕೇಳಿಲ್ಲ ಬಿಡಿ. ಮುಳ್ಳು ಮುಳ್ಳೂ ಎಣಿಸಿ ತೆಗೆದಿದ್ದಾರೆ. ಮನುಷ್ಯರಿದ್ದಾರೆ, ಮುಖ ಇಲ್ಲ. ಡೇರೆಗಳ ಮುಂದೆ ರೇಷನ್ನಿಗೆ ನಿಂತ ಸಾಲಿನಲ್ಲಿ ಬೆನ್ನುಗಳು ಮಾತ್ರ. ಮುಖ ಯಾಕಿಲ್ಲ ಅಂದೆ. "ಸಾಲಿನಾಗ ನಿಂತಾಗ ಮುಂದಿನವರ ಬೆನ್ನ ಕಾಣತದಲ್ರಿ" ಅಂದರು. ಸಣ್ಣ ಮಗುವಿನ ಎತ್ತರದಿಂದ ನೋಡಿದ ಬೆನ್ನುಗಳು ಅವು, ಸೊಂಟದ ಗಂಟು, ಸೀರೆಯ ಅಂಚು ದೊಡ್ಡದಾಗಿವೆ, ತಲೆಗಳು ಚಿಕ್ಕವು.

ಇನ್ನೊಂದು ಸಂಗತಿ ಇದೆ. ಡ್ರಾಯಿಂಗ್ ಕಲಿಸುವವಳಾದ್ದರಿಂದ ನನ್ನ ಕಣ್ಣಿಗೆ ಬಿತ್ತು ಅಂತ ಕಾಣುತ್ತದೆ. ಡೇರೆಗಳೂ ಕ್ಯಾಂಪಿನ ಮನೆಗಳೂ ಬರುವ ಜಾಗದಲ್ಲಿ ಹಾಳೆಯ ಮೇಲೆ ಸಣ್ಣ ಚುಕ್ಕಿಗಳಿವೆ. ಏಳು ಚುಕ್ಕಿ, ಏಳು ಸಾಲು, ನಮ್ಮ ರಂಗೋಲಿಯ ಹಾಗೇ. ಚುಕ್ಕಿ ಹಿಡಿದು ಗೆರೆ ಎಳೆದಿದ್ದಾರೆ. ಖುಲ್ನಾದ ಬದಿಗೆ ಒಂದೂ ಚುಕ್ಕಿ ಇಲ್ಲ. ಚುಕ್ಕಿ ಹಾಕೋದನ್ನು ಎಲ್ಲಿ ಕಲಿತಿರಿ ಅಂದರೆ, ಕಳೆ ಕೀಳೋಕೆ ಹೋಗುತ್ತಿದ್ದಾಗ ಜವಳಗೇರಾ ಕಡೆಯ ಒಬ್ಬಾಕೆ ಗೆಳತಿಯಾಗಿದ್ದಳಂತೆ, ಬದುವಿನ ಮೇಲೆ ಕೂತು ಕಡ್ಡಿಯಲ್ಲಿ ಗೀಚಿ ತೋರಿಸಿದ್ದಳಂತೆ. ಸರಕಾರ ಅಳತೆ ಹಾಕಿ ಕೊಟ್ಟ ಜಾಗಕ್ಕೆ ಚುಕ್ಕಿ, ಅದಕ್ಕೂ ಮುಂಚಿನ ಜಾಗಕ್ಕೆ ಆಲ್ಪನಾದ ಗೆರೆ, ಹೀಗೆ ಬೇಕಂತಲೇ ಮಾಡಿದಿರಾ ಅಂತ ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಅಲ್ಲಿ ಮನಿ ಲೈನಿಗೇ ಇದ್ವು ಮೇಡಂ, ಲೈನ್ ಹಾಕೀನಿ." ಅಷ್ಟೇ. ನಾನು ಹೇಳಿದ್ದು ಅರ್ಧ ಒಪ್ಪಿಗೆ, ಅರ್ಧ ಅವರಿಗೆ ಜಾಸ್ತಿ ಅನ್ನಿಸಿತು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಜಿಲ್ಲೆಯ ಒಂದು ಕಲಾ ಪ್ರದರ್ಶನಕ್ಕೆ ಮಹಿಳಾ ಕಲಾವಿದರ ಚಿತ್ರ ಬೇಕಿತ್ತು. ನಾನು ಮಾಶಿಯ ಒಂದಿಷ್ಟು ಹಾಳೆಗಳ ಫೋಟೋ ಕಳಿಸಿದೆ. ನಡೆಸುವವರಿಗೆ ಖುಷಿಯೋ ಖುಷಿ. ಆದರೆ ಅವರಿಗೆ ಬೇಕಾದದ್ದೇ ಬೇರೆ. ಮೊದಲನೆಯದು, ಅರ್ಜಿಯಲ್ಲಿ ವಿಭಾಗ ಅನ್ನುವ ಕಡೆ "ಜನಪದ ಕಲೆ" ಅಂತ ಅವರೇ ತುಂಬಿದ್ದರು. ಎರಡನೆಯದು, ಪಟ್ಟಿಯಲ್ಲಿ ಹೆಸರಿನ ಮುಂದೆ "ನಿರಾಶ್ರಿತ ಮಹಿಳೆ". ಮೂರನೆಯದು, ಚಿತ್ರಗಳ ಬದಲು ಹಾಲಿನ ಬಾಗಿಲಲ್ಲಿ ಕೂತು ಲಕ್ಷ್ಮಿಯ ಹೆಜ್ಜೆಯ ಆಲ್ಪನಾ ಹಾಕಿದರೆ ಅತಿಥಿಗಳಿಗೆ ಚೆನ್ನಾಗಿರುತ್ತದೆ, ಕೆಂಪು ಅಂಚಿನ ಬಿಳಿ ಸೀರೆ ಉಟ್ಟು ಬರಲಿ ಅಂತ.

ಇದನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪೋದಿಲ್ಲ. ಊರು ಬಿಟ್ಟು ಬಂದವರು ಚಿತ್ರ ತೆಗೆದರೆ ನಾವು ಅದರಲ್ಲಿ ಅವರ ಕಳೆದುಹೋದ ಊರನ್ನೇ ಹುಡುಕುತ್ತೇವೆ. ಅದು ಸಿಕ್ಕರೆ ಅಯ್ಯೋ ಪಾಪ ಅಂತೇವೆ, ಸಿಗದಿದ್ದರೆ ಚಿತ್ರ ಅರ್ಥವಾಗಲಿಲ್ಲ ಅಂತೇವೆ. ಮಾಶಿಯ ಹಾಳೆಗಳನ್ನು ಸುಮ್ನೆ ಎಣಿಸಿ ನೋಡಿದರೂ ಸಾಕು, ಮುಕ್ಕಾಲು ಪಾಲು ಸಿಂಧನೂರೇ. ಭತ್ತದ ಕಟಾವು ಮಷಿನ್, ನಾಟಿಯ ಸಾಲು, ಗೊಬ್ಬರದ ಚೀಲ, ಮೀನಿನ ಹೊಂಡ, ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುವ ಹೆಂಗಸರು. ಖುಲ್ನಾ ಬರೋದು ಒಂದು ಮೂಲೆಗೆ, ಒಂದು ಬದಿಗೆ. ಅದೂ ತಾಯಿಯ ಮಾತಿನಿಂದ ಕಟ್ಟಿಕೊಂಡ ಖುಲ್ನಾ. ಐವತ್ತು ವರ್ಷದ ಮೇಲಾಯ್ತು ಇಲ್ಲಿ ಬಂದು, ಅವರನ್ನು ಇನ್ನೂ ನಿರಾಶ್ರಿತೆ ಅಂತ ಬೋರ್ಡಿಗೆ ಹಾಕೋದು ಯಾವ ನ್ಯಾಯ? ಮಾಶಿಯ ಮಾತು ನನಗಿಂತ ಸರಳವಾಗಿತ್ತು. "ಮನಿ ಅದ, ಹೊಲ ಅದ, ರೇಷನ್ ಕಾರ್ಡ್ ಅದ. ನಿರಾಶ್ರಿತ ಹೆಂಗ ಆಗ್ತೀನ್ರಿ?" ಸೀರೆಯ ವಿಷಯಕ್ಕೆ ಮಾತ್ರ ನಿಜವಾಗಿ ಸಿಟ್ಟಾದರು. ಕೆಂಪು ಅಂಚಿನ ಸೀರೆ ಮುತ್ತೈದೆಯರದ್ದು. ಅವರು ವಿಧವೆ. ಕೇಳುವವರಿಗೆ ಅಷ್ಟಾದರೂ ತಿಳಿದಿರಬೇಕಲ್ವಾ.

ಆದರೆ ಕೇವಲ ನಡೆಸುವವರದ್ದೇ ತಕರಾರು ಅಂದುಕೊಂಡರೆ ಪ್ರಕರಣ ಅರ್ಧ ಆದ ಹಾಗೆ. ಮಗ ಬೇರೆಯೇ ಕಾರಣಕ್ಕೆ ಬೇಡ ಅಂದ. ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನಲ್ಲಿ ಬಂತು, ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಆ ನಡುವಿನ ವರ್ಷಗಳಲ್ಲಿ ಕ್ಯಾಂಪಿನ ಮನೆಮನೆಯಲ್ಲೂ ಟ್ರಂಕಿನಿಂದ ಹಳೇ ಕಾಗದ ಹೊರಬಂದವು. ಮಾಶಿಯಂಥ ಮೊದಲ ಬ್ಯಾಚಿನವರಿಗೆ ಸರಕಾರವೇ ಕರೆತಂದು ಇಳಿಸಿದ ದಾಖಲೆ ಇದೆ. ಆಮೇಲೆ ನೆಂಟರ ಬೆನ್ನು ಹಿಡಿದು ಬಂದವರಿಗೆ, ಮದುವೆಯಾಗಿ ಬಂದವರಿಗೆ ಅಂಥ ದಾಖಲೆ ಇಲ್ಲ. ಒಂದೇ ಮನೆಯಲ್ಲಿ ಎರಡೂ ಥರದವರು ಇರುತ್ತಾರೆ. ಅಮ್ಮನ ಚಿತ್ರದ ಕೆಳಗೆ ಖುಲ್ನಾ ಅಂತ ಬರೆದು ಪೇಪರಿನವರು ಫೋಟೋ ಹೊಡೆದರೆ ನಾಳೆ ಯಾರ ಮನೆ ಬಾಗಿಲಿಗೆ ಯಾವ ಪ್ರಶ್ನೆ ಬರುತ್ತದೋ ಅನ್ನೋದು ಅವನ ಚಿಂತೆ. "ಅಮ್ಮ ತಗೀಲಿ, ಬ್ಯಾಡ ಅನ್ನಂಗಿಲ್ಲ. ತೋರ್ಸೋದ್ಯಾಕ್ರಿ ಮೇಡಂ?" ಇದಕ್ಕೆ ನನ್ನ ಹತ್ತಿರ ಥಟ್ ಅಂತ ಕೊಡುವ ಉತ್ತರ ಇರಲಿಲ್ಲ. ಕಲೆ, ಗುರುತು, ಸ್ಮೃತಿ ಅಂತ ದೊಡ್ಡ ಮಾತಾಡೋದು ಕಾಗದ ಗಟ್ಟಿ ಇರುವವರಿಗೆ ಸುಲಭ.

ಮಾಶಿಗೆ ತೋರಿಸುವ ಆಸೆ ಇತ್ತು, ಅದನ್ನೂ ಹೇಳಬೇಕು. ಒಂದು ಮಧ್ಯಾಹ್ನ ನಾನು ಮೊಬೈಲಿನಲ್ಲಿ ಮುದ್ರಣ ಕಲಾವಿದೆ ಜರೀನಾ ಅವರ ಕೆಲಸ ತೋರಿಸಿದ್ದೆ. ಜರೀನಾ 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು. ತಂದೆತಾಯಿ ಪಾಕಿಸ್ತಾನಕ್ಕೆ ಹೋದರು, ಇವರು ಬ್ಯಾಂಕಾಕ್, ಪ್ಯಾರಿಸ್, ಟೋಕಿಯೊ ಸುತ್ತಿ ನ್ಯೂಯಾರ್ಕಿನಲ್ಲಿ ನೆಲೆಸಿ 2020ರಲ್ಲಿ ತೀರಿಕೊಂಡರು. ಬಿಟ್ಟುಬಂದ ಮನೆಗಳ ನಕ್ಷೆಯನ್ನು, ಊರುಗಳ ನಕ್ಷೆಯನ್ನು ಮರದ ಅಚ್ಚಿನಲ್ಲಿ ಕೊರೆದು ಮುದ್ರಿಸಿದರು. 2001ರ ಒಂದು ಮುದ್ರಣದಲ್ಲಿ ಭಾರತ ಪಾಕಿಸ್ತಾನದ ಗಡಿ ಬಿಟ್ಟರೆ ಬೇರೇನೂ ಇಲ್ಲ, ಅಂಕುಡೊಂಕಾದ ಒಂದು ದಪ್ಪ ಕಪ್ಪು ಗೆರೆ. ಮಾಶಿ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಗೆರೆಯ ಬಗ್ಗೆ ಏನೋ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದರೆ, ಅವರು ಕೇಳಿದ್ದು ಕಾಗದ ಯಾವುದು ಅಂತ. ಕೈಕಾಗದ ಅಂದೆ. ಸಿಂಧನೂರಾಗ ಸಿಗತದೇನ್ರಿ ಅಂದರು. ಆಮೇಲೆ, "ಇವರದ್ದು ಗೋಡಿಗೆ ಹಾಕ್ಯಾರಲ್ಲ, ನೋಡಾಕ ಜನ ಬರ್ತಾರೇನು?" ಬರುತ್ತಾರೆ ಅಂದೆ.

ಕೊನೆಗೆ ಆದದ್ದು ಇಷ್ಟು. ಮನೆಯವರು, ಮಾಶಿ, ನಾನು ಕೂತು ಹಾಳೆಗಳನ್ನು ಮೂರು ಗುಂಪು ಮಾಡಿದೆವು: ತೋರಿಸುವವು, ತೋರಿಸಿದರೂ ಫೋಟೋಗೆ ಕೊಡದವು, ಮನೆ ದಾಟದವು. ಆರಿಸಿದ್ದು ಮಾಶಿಯೇ. ನಾಲ್ಕು ಬದಿಯ ಆ ದೊಡ್ಡ ಹಾಳೆ ಎರಡನೇ ಗುಂಪಿಗೆ ಹೋಯ್ತು. ಹೆಸರಿನ ಬದಲು "ಸಿಂಧನೂರಿನ ಮಾಶಿ". ವಿಭಾಗದ ಜಾಗದಲ್ಲಿ "ರೇಖಾಚಿತ್ರ, ಕಾಗದದ ಮೇಲೆ ಬಾಲ್‌ಪೆನ್" ಅಂತ ಬರೆದೆವು. ಊರಿನ ಜಾಗದಲ್ಲಿ ತಾಲೂಕು ಮಾತ್ರ. ನಡೆಸುವವರಲ್ಲಿ ಒಬ್ಬರು ಕಡೆಯವರೆಗೂ ಮುಖ ಊದಿಸಿಕೊಂಡೇ ಇದ್ದರು, ಇನ್ನಿಬ್ಬರು ಒಪ್ಪಿದರು. ಲಕ್ಷ್ಮಿಯ ಹೆಜ್ಜೆಯ ಮಾತು ಬಿದ್ದುಹೋಯ್ತು.

ಚಿತ್ರ ಹಾಕುವ ದಿನ ಫ್ರೇಮಿನ ಹುಡುಗ ಕೇಳಿದ, "ಯಾವ ಕಡಿ ಮ್ಯಾಲ ಬರತದ್ರಿ?" ನ್ಯಾಯವಾದ ಪ್ರಶ್ನೆ. ಮೊಳೆ ಒಂದು ಕಡೆಯೇ ಹೊಡೆಯಬೇಕು ತಾನೆ. ಖುಲ್ನಾ ಮೇಲಿಟ್ಟರೆ ಕ್ಯಾಂಪಿನ ಮನೆಗಳು ತಲೆಕೆಳಗು, ಕ್ಯಾಂಪು ಮೇಲಿಟ್ಟರೆ ದೋಣಿ ತಲೆಕೆಳಗು. ಯಾವುದನ್ನು ನೆಟ್ಟಗೆ ಮಾಡಿದರೂ ಅವರ ಊರು ಯಾವುದು ಅಂತ ನಾವೇ ತೀರ್ಮಾನ ಕೊಟ್ಟ ಹಾಗೆ. ಮಾಶಿಗೆ ಇದು ಸಮಸ್ಯೆಯೇ ಅಲ್ಲ. ನೆಲಕ್ಕೆ ಹಾಕ್ರಿ ಅಂದರು. ನೆಲಕ್ಕೆ ಹಾಕಿದರೆ ತುಳಿಯುತ್ತಾರೆ ಅಂತ ಶಾಲೆಯಿಂದ ಎರಡು ಬೆಂಚು ತಂದು ಜೋಡಿಸಿ, ಹಾಳೆ ಮಲಗಿಸಿ, ಮೇಲೆ ಗಾಜು ಮುಚ್ಚಿದೆವು. ನೋಡುವವರು ಸುತ್ತ ತಿರುಗಬೇಕಾಯ್ತು.

ಆ ಬೆಂಚಿನ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೆ. ಗೋಡೆಯ ಚಿತ್ರಗಳ ಮುಂದೆ ಜನ ಸಾಲಾಗಿ ನಡೆದು ಹೋಗುತ್ತಿದ್ದರು, ಇಲ್ಲಿ ಬಂದು ಸಿಕ್ಕಿಬೀಳುತ್ತಿದ್ದರು. ಎದುರು ಬದಿಯವರಿಗೆ ಅಡ್ಡ ಬರುತ್ತಾರೆ, ಸರೀರಿ ಸ್ವಲ್ಪ ಅಂತಾರೆ, ನಿಮಗೆ ಏನು ಕಾಣುತ್ತಿದೆ ಅಂತ ಕೇಳುತ್ತಾರೆ. ಮುನಿರಾಬಾದ್ ಕಡೆಯ ಒಬ್ಬ ವಯಸ್ಸಾದ ರೈತರು ಡೇರೆಗಳ ಬದಿಗೆ ನಿಂತು, ಅಣೆಕಟ್ಟು ಕಟ್ಟಿದಾಗ ನಮ್ಮೂರು ಮುಳುಗಿತು, ನಾವೂ ಹಿಂಗೇ ಸಾಲಿನಾಗ ನಿಂತಿದ್ದೆವು ಅಂತ ಪಕ್ಕದವರಿಗೆ ಹೇಳಿದರು. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಮುಳುಗಿದ ಊರುಗಳೂ ಇದ್ದವು, ಅದೇ ನೀರಿನಿಂದ ಹಸಿರಾದ ಹೊಲಗಳಲ್ಲಿ ಮಾಶಿಯವರಿಗೆ ಜಾಗ ಸಿಕ್ಕಿತು. ಮಾಶಿ ಹಿಂದೆಯೇ ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ಯಾರೂ ಗುರುತಿಸಲಿಲ್ಲ, ಅದು ಅವರಿಗೆ ಬೇಕಾದ ಹಾಗೇ ಆಯ್ತು.

ಇಂಥ ಕೆಲಸ ಕೈಗೆತ್ತಿಕೊಳ್ಳುವವರಿಗೆ ಸಾಮಾನಿನ ವಿಷಯ ಎರಡು ಮಾತು. ಬಾಲ್‌ಪೆನ್ನಿನ ಇಂಕು ಬೆಳಕಿಗೆ ಮಾಸುತ್ತದೆ. ನಮ್ಮ ಬಿಸಿಲಿನಲ್ಲಿ ಗೋಡೆಗೆ ಹಾಕಿಟ್ಟರೆ ಉಳಿಯೋದಿಲ್ಲ. ನೋಟ್‌ಬುಕ್ಕಿನ, ಕ್ಯಾಲೆಂಡರಿನ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೆ ಮೊದಲು ಎಲ್ಲಾ ಹಾಳೆಗಳನ್ನೂ ಸ್ಕ್ಯಾನ್ ಮಾಡಿಸಿದೆವು. ಒಂದು ಪ್ರತಿ ಮನೆಯವರ ಪೆನ್‌ಡ್ರೈವಿನಲ್ಲಿದೆ, ನನ್ನ ಹತ್ತಿರ ಮೊದಲ ಗುಂಪಿನದು ಮಾತ್ರ. ಮಾಸದ ಇಂಕಿನ ಪೆನ್ನು ತರಿಸಿಕೊಟ್ಟೆ. ಅದು ಜಾರುತ್ತದೆ, ಕೈಗೆ ತಡೆ ಸಿಗೋದಿಲ್ಲ ಅಂತ ಬದಿಗಿಟ್ಟರು. ದಪ್ಪ ಡ್ರಾಯಿಂಗ್ ಶೀಟ್ ಮಾತ್ರ ಇಷ್ಟವಾಯ್ತು, ತಿರುಗಿಸುವಾಗ ಮಡಚೋದಿಲ್ಲ ಅಂತ.

ಪ್ರದರ್ಶನದ ನಂತರ ಒಂದಷ್ಟು ದಿನ ಏನೂ ತೆಗೆಯಲಿಲ್ಲ. ಆಮೇಲೆ ತೆಗೆದದ್ದು ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದದ್ದು ನಿಮಗೂ ನೆನಪಿರಬಹುದು. ಈ ಭಾಗದಲ್ಲಿ ಅವತ್ತು ನಿದ್ದೆ ಮಾಡಿದವರು ಕಡಿಮೆ. ಮಾಶಿ 33 ಗೇಟುಗಳ ಅಣೆಕಟ್ಟನ್ನು ಚುಕ್ಕಿ ಇಟ್ಟು ಅಳತೆಗೆ ತೆಗೆದಿದ್ದಾರೆ. 19ನೆಯದರ ಜಾಗದಲ್ಲಿ ಚುಕ್ಕಿ ಇಲ್ಲ, ಅಲ್ಲಿಂದ ಹೊರಟ ನೀರು ಮಾತ್ರ ಆಲ್ಪನಾದ ಬಳ್ಳಿಯಂತೆ ಸುತ್ತಿ ಸುತ್ತಿ ಹಾಳೆಯ ತುದಿಯವರೆಗೂ ಹೋಗಿದೆ. ಇದಕ್ಕೆ ಮೇಲೆ ಕೆಳಗೆ ಇದೆ. ಮಗನಿಗೂ ಇದರ ಬಗ್ಗೆ ತಕರಾರಿಲ್ಲ. ಅವನೇ ಫ್ರೇಮ್ ಹಾಕಿಸಿ ಗೆಳೆಯನ ಗೊಬ್ಬರದ ಅಂಗಡಿಗೆ ಕೊಟ್ಟಿದ್ದಾನೆ, ಬಿಸಿಲು ಬೀಳದ ಗೋಡೆಗೇ ಹಾಕಿಸಿದ್ದಾನೆ. ಅಂಗಡಿಗೆ ಬರುವ ರೈತರಲ್ಲಿ ಇಬ್ಬರು ಅಂಥದ್ದೇ ನಮಗೂ ಬೇಕು ಅಂದರಂತೆ. ಮಾಶಿ ರೇಟು ಹೇಳಿದ್ದಾರೆ, ಆದರೆ ಅದೇ ಚಿತ್ರ ಮತ್ತೆ ತೆಗೆಯೋದಿಲ್ಲ, ಬೇರೆ ಗೇಟು ಮುರಿದರೆ ನೋಡೋಣ ಅಂದಿದ್ದಾರೆ.